ಎರಡೂ ಹೆಣ್ಣು ಎಂದ ಕೈ

ಸಿದ್ಧ ಉಡುಪಿನ ಕಾರ್ಖಾನೆಯ ಹಿಂಬದಿ ಗೇಟಿನಲ್ಲಿ, ಸಂಜೆಯ ಸೈರನ್ ಕೂಗಿದ ಮೇಲೆ, ಹೆಂಗಸರ ಸಾಲು ನಿಲ್ಲುತ್ತದೆ. ಸಾಲಿನ ತುದಿಗೆ ಒಂದು ಮರದ ಮೇಜು, ಮೇಜಿನ ಪಕ್ಕ ಖಾಕಿ ಕೋಟು ತೊಟ್ಟ ಗೇಟಿನಕ್ಕ. ಊಟದ ಡಬ್ಬಿಯ ಮುಚ್ಚಳ ತೆಗೆದು ತೋರಿಸಬೇಕು. ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಬೇಕು. ಆಮೇಲೆ ತೋಳು ಚಾಚಿ ನಿಲ್ಲಬೇಕು. ಅವಳ ಕೈ ಭುಜದಿಂದ ಸೊಂಟಕ್ಕೆ, ಸೊಂಟದಿಂದ ಹಿಮ್ಮಡಿಗೆ ಇಳಿದು, ಕೊನೆಗೆ ಬೆನ್ನಿಗೆ ಒಮ್ಮೆ ತಟ್ಟಿದರೆ ಹೋಗಬಹುದು ಎಂದು ಅರ್ಥ.

ಆ ಕೈಗೆ ಏನೇನೋ ಸಿಕ್ಕಿದೆ. ಕಾಲುಚೀಲದೊಳಗೆ ಸುತ್ತಿಟ್ಟ ಲೇಸು, ಕೂದಲಿನ ಗಂಟಿಗೆ ಚುಚ್ಚಿದ ಸೂಜಿಗಳು, ಡಬ್ಬಿಯಲ್ಲಿ ಉಳಿದ ಊಟದ ಅಡಿಗೆ ಹೂತಿಟ್ಟ ಗುಂಡಿಗಳು. ಹೊಸದಾಗಿ ಕಾವಲಿಗೆ ಸೇರಿದವರಿಗೆ ಅವಳು ಎರಡೇ ಪಾಠ ಹೇಳುತ್ತಿದ್ದಳು.

"ಮುಖ ನೋಡಬೇಡಿ. ಮುಖ ಎಲ್ಲರೂ ತೊಳ್ಕೊಂಡೇ ಬರ್ತಾರೆ. ನಡಿಗೆ ನೋಡಿ. ಇನ್ನೊಂದು, ಕೇಳೋಕೆ ಮುಂಚೆ ಯಾರು ಡಬ್ಬಿ ತೆಗೆದು ತೋರಿಸ್ತಾರೋ ಅವರನ್ನ ಎರಡು ಸಲ ನೋಡಿ."

ಅವಳು ಮೊದಲು ಅದೇ ಕಾರ್ಖಾನೆಯಲ್ಲಿ ದಾರ ಕತ್ತರಿಸುವವಳಾಗಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಒಮ್ಮೆ ಒಂದು ಸುರುಳಿ ಲೇಸು ಕಾಣೆಯಾಗಿ ಮೇಲ್ವಿಚಾರಕರು ಎಲ್ಲರನ್ನೂ ಬೈಯುತ್ತಿದ್ದಾಗ, ಪಕ್ಕದ ಸಾಲಿನ ಒಬ್ಬಳು ಬೆಳಗ್ಗೆಗಿಂತ ಸಂಜೆ ದಪ್ಪಗಾಗಿ ನಡೆಯುತ್ತಿದ್ದಾಳೆ ಎಂದು ಇವಳು ಹೇಳಿದಳು. ಲೇಸು ಸಿಕ್ಕಿತು. ಮುಂದಿನ ವಾರ ಇವಳ ಕೈಯಿಂದ ಕತ್ತರಿ ಹೋಗಿ ಮೈಮೇಲೆ ಖಾಕಿ ಕೋಟು ಬಂತು. ಅಂದಿನಿಂದ ಊಟದ ಹೊತ್ತಿಗೆ ಇವಳ ಪಕ್ಕ ಯಾರೂ ಕೂರಲಿಲ್ಲ. ಹದಿನೈದು ವರ್ಷ ಒಬ್ಬಳೇ ಉಂಡಳು. ಅದರಿಂದ ಬೇಸರವಾಯಿತೇ ಎಂದು ಯಾರಾದರೂ ಕೇಳಿದರೆ, ಕೇಳಿದವರ ಉದ್ದೇಶವೇನು ಎಂದು ಯೋಚಿಸುತ್ತಿದ್ದಳು.

ಎರಡು ಕೋಣೆಯ ಬಾಡಿಗೆ ಮನೆ, ಮೂರನೇ ಮಹಡಿ. ಹಿಂಬಾಗಿಲು ತೆರೆದರೆ ತಾರಸಿ. ಆ ತಾರಸಿಗೆ ಪಕ್ಕದ ಮನೆಯ ಬಾಗಿಲೂ ತೆರೆಯುತ್ತಿತ್ತು. ಅಲ್ಲಿ ಗೋಡೆಗೆ ಬಣ್ಣ ಬಳಿಯುವ ಕೆಲಸದ ಒಬ್ಬ ಯುವಕನಿದ್ದ. ಅವನು ಒಂಟಿ ಅನ್ನುವುದು ಗೇಟಿನಕ್ಕನಿಗೆ ಮೊದಲ ದಿನವೇ ಇಷ್ಟವಾಗಲಿಲ್ಲ. ಅವನ ಪಂಜರದಲ್ಲೊಂದು ಕಂದು ಬಣ್ಣದ ದೊಡ್ಡ ಗಂಡು ಮೊಲವಿತ್ತು. ಒಂಟಿ ಗಂಡಸಿಗೆ ಮೊಲ ಯಾಕೆ ಎಂಬ ಪ್ರಶ್ನೆಗೆ ಅವಳಿಗೆ ಉತ್ತರ ಸಿಕ್ಕಿರಲಿಲ್ಲ.

ಈ ಮನೆಗೆ ಅಣ್ಣನ ಮಗಳು ಪುಟ್ಟಿ ಬಂದಳು. ಅಣ್ಣ ಊರಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಮಗಳು ರಕ್ತ ಪರೀಕ್ಷೆಯ ಲ್ಯಾಬ್ ಕೋರ್ಸಿಗೆ ಸೇರುತ್ತೇನೆಂದು ಹಟ ಹಿಡಿದಾಗ, ತಂಗಿಯ ಮನೆಯಲ್ಲಿರುವುದಾದರೆ ಮಾತ್ರ ಎಂದು ಒಪ್ಪಿದ್ದ. ಬಿಟ್ಟುಹೋಗುವಾಗ ತಂಗಿಗೆ ಹೇಳಿದ್ದು ಒಂದೇ ಮಾತು.

"ನಿನ್ನ ಕಣ್ಣು ತಪ್ಪಿಸಿ ಇರುವೆ ಕೂಡ ಓಡಾಡಲ್ಲ ಅಂತ ಗೊತ್ತು. ಏನಾದ್ರೂ ಕಂಡ್ರೆ ಒಂದು ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ. ಓದು ಅಲ್ಲಿಗೆ ಮುಗೀತು."

ಹುಡುಗಿ ಅದನ್ನು ಕೇಳಿಸಿಕೊಂಡಿದ್ದಳು. ಆದ್ದರಿಂದ ಸಂಜೆ ಮನೆಗೆ ಬಂದ ಕೂಡಲೇ ಅತ್ತೆ ಅವಳ ಚೀಲಕ್ಕೆ ಕೈ ಹಾಕಿದಾಗ ಮೊದಮೊದಲು ಸುಮ್ಮನಿದ್ದಳು, ಕೊನೆಗೊಂದು ದಿನ ಹೇಳಿಯೇಬಿಟ್ಟಳು.

"ಅತ್ತೆ, ಇದು ಕಾರ್ಖಾನೆ ಅಲ್ಲ, ಮನೆ."

"ಮನೇಲೇ ಅಲ್ವಾ ಕಳ್ಳತನ ಆಗೋದು. ರಸ್ತೇಲಿ ಏನಿರುತ್ತೆ ಕದಿಯೋಕೆ?"

ಒಂದು ಶನಿವಾರ ಆ ಚೀಲದೊಳಗೆ ಏನೋ ಮಿಸುಕಿತು. ಅಂಗೈಯಗಲದ ಎರಡು ಮೊಲದ ಮರಿ. ಒಂದು ಬಿಳಿ, ಒಂದು ಕರಿ. ಒಂದೇ ಬುಟ್ಟಿಯವು, ಒಂದೂವರೆ ತಿಂಗಳಾಗಿದೆ, ಎರಡೂ ಹೆಣ್ಣು ಎಂದು ಅಂಗಡಿಯವನು ಹೇಳಿದ್ದನಂತೆ.

ಗೇಟಿನಕ್ಕ ಮರಿಗಳನ್ನು ನೋಡಲಿಲ್ಲ, ಹುಡುಗಿಯನ್ನು ನೋಡಿದಳು. "ಅಂಗಡಿಯವನೇ ಹೇಳಿದ್ನಾ? ನೀನು ಕೇಳಿದ್ಯಾ, ಅವನಾಗೇ ಹೇಳಿದ್ನಾ?"

"ಅವನಾಗೇ ಹೇಳಿದ."

"ಹಾಗಾದ್ರೆ ಸುಳ್ಳು." ಅವಳು ಕರಿಯ ಮರಿಯನ್ನು ಎತ್ತಿ, ಅಂಗಾತ ಮಾಡಿ, ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಹೊಟ್ಟೆಯ ಕೆಳಭಾಗವನ್ನು ನಿಧಾನಕ್ಕೆ ಒತ್ತಿ ನೋಡಿದಳು. ಮರಿ ಕಣ್ಣಗಲಿಸಿ ಉಸಿರು ಬಿಗಿಹಿಡಿದಿತ್ತು. ಏನೂ ಸಿಗಲಿಲ್ಲ. ಬಿಳಿಯದರಲ್ಲೂ ಸಿಗಲಿಲ್ಲ. ಅವಳ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು. "ಅಪರೂಪಕ್ಕೆ ನಿಜ ಹೇಳಿದಾನೆ. ಎರಡೂ ಹೆಣ್ಣೇ."

"ಆದರೂ ಒಂದು ಸಲ ಪ್ರಾಣಿ ಡಾಕ್ಟರಿಗೆ ತೋರಿಸೋಣ ಅತ್ತೆ. ಚಿಕ್ಕದರಲ್ಲಿ ಗೊತ್ತಾಗಲ್ಲವಂತೆ."

"ಯಾರಂದಿದ್ದು?"

ಹುಡುಗಿ ಒಂದು ಕ್ಷಣ ತಡೆದಳು. "ಪಕ್ಕದ ಮನೆಯವರು."

ಆ ಒಂದು ಕ್ಷಣ ಗೇಟಿನಕ್ಕನಿಗೆ ಸಾಕಾಗಿತ್ತು. ಮೊಲದ ವಿಷಯ ಅಲ್ಲಿಗೆ ಮುಗಿದು, ಪಕ್ಕದ ಮನೆಯವನ ಜೊತೆ ಯಾವಾಗ ಮಾತಾಡಿದೆ, ಎಲ್ಲಿ ನಿಂತು ಮಾತಾಡಿದೆ ಎಂಬ ವಿಚಾರಣೆ ಶುರುವಾಯಿತು. ಡಾಕ್ಟರ ಮಾತು ಮತ್ತೆ ಬರಲಿಲ್ಲ. ಬಂದಿದ್ದರೂ ಉತ್ತರ ಸಿದ್ಧವಿತ್ತು: ಹದಿನೈದು ವರ್ಷದಲ್ಲಿ ಈ ಕೈ ತಪ್ಪಿದ್ದು ತೋರಿಸು.

ಮರಿಗಳು ಬೆಳೆದವು. ಅಪಾಯ ಎಲ್ಲಿಂದ ಬರಬಹುದು ಎಂದು ಗೇಟಿನಕ್ಕ ಲೆಕ್ಕ ಹಾಕಿ ಆಗಿತ್ತು. ತನ್ನ ಮನೆಯಲ್ಲಿ ಎರಡು ಹೆಣ್ಣು, ತಾರಸಿಯ ಆಚೆ ಒಂದು ಗಂಡು. ಹಿಂಬಾಗಿಲಿಗೆ ಹೊಸ ಚಿಲಕ ಹಾಕಿಸಿದಳು. ತಾನು ಮನೆಯಲ್ಲಿಲ್ಲದಾಗ ತಾರಸಿಯ ಬಾಗಿಲು ತೆರೆಯಕೂಡದು ಎಂದು ಆಜ್ಞೆ ಮಾಡಿದಳು. ಆ ಆಜ್ಞೆ ಮೊಲಗಳಿಗಾಗಿಯೋ ಹುಡುಗಿಗಾಗಿಯೋ ಎಂದು ಅವಳು ಬಿಡಿಸಿ ಹೇಳಲಿಲ್ಲ.

ಒಂದು ಬೆಳಗ್ಗೆ ಕರಿಯದು ಬಿಳಿಯದರ ಬೆನ್ನೇರಿತ್ತು. ಹುಡುಗಿ ಮತ್ತೆ ಕೇಳಿದಳು. "ಅತ್ತೆ, ನೋಡು ಅಲ್ಲಿ. ಡಾಕ್ಟರಿಗೆ ತೋರಿಸೋಣ."

"ಹೆಣ್ಣು ಹೆಣ್ಣೂ ಹಾಗೆ ಆಡ್ತಾವೆ. ಯಾರು ದೊಡ್ಡೋರು ಅಂತ ತೋರಿಸ್ಕೊಳ್ಳೋಕೆ. ನಮ್ಮ ಕಾರ್ಖಾನೇಲಿ ಇಲ್ವಾ?"

"ನಿಂದು ಯಾವಾಗ್ಲೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು."

"ನಾನು ಹಿಡಿದು ನೋಡಿದೀನಿ. ನಾಲ್ಕು ಕಾಲಿದೆ, ಬೇರೇನಿಲ್ಲ."

ಕೆಲವು ವಾರ ಕಳೆದವು. ಬಿಳಿ ಮೊಲ ಬಾಯಿತುಂಬ ಒಣಹುಲ್ಲು ಕಚ್ಚಿಕೊಂಡು ಪಂಜರದ ಮೂಲೆಯಿಂದ ಮೂಲೆಗೆ ಓಡಾಡತೊಡಗಿತು. ಮಾರನೇ ದಿನ ತನ್ನ ಎದೆಯ ಕೂದಲನ್ನೇ ಕಿತ್ತು ಹುಲ್ಲಿನ ಮೇಲೆ ಹಾಸಿತು. ಗೇಟಿನಕ್ಕ ಸಂಜೆ ಕೆಲಸದಿಂದ ಬಂದಾಗ ಆ ಹಾಸಿಗೆ ತಾನೇ ಉಸಿರಾಡುತ್ತಿತ್ತು. ಬೆರಳಿನಿಂದ ಸರಿಸಿದರೆ ಒಳಗೆ ಕಣ್ಣು ತೆರೆಯದ, ಕೂದಲಿಲ್ಲದ ಐದು ಮರಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅತ್ತೆ ತಿರುಗಿದಳು. ಧ್ವನಿ ಏರಿಸಲಿಲ್ಲ, ಗೇಟಿನಲ್ಲೂ ಏರಿಸುತ್ತಿರಲಿಲ್ಲ.

"ಮೊಲಕ್ಕೆ ಚಿಲಕ ತೆಗೆಯೋಕೆ ಬರಲ್ಲ."

"ಏನು?"

"ಮನೇಲಿರೋದು ಎರಡು ಹೆಣ್ಣು. ಗಂಡಿರೋದು ತಾರಸಿ ಆಚೆ. ನಡುವೆ ಇರೋದು ಚಿಲಕ. ಅದನ್ನ ಒಳಗಿಂದ ತೆಗೆದೋರು ಯಾರು?"

ಹುಡುಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಕಿವಿ ಕೆಂಪಾಯಿತು. "ಕರಿ ಗಂಡಿರಬಹುದಲ್ವಾ ಅತ್ತೆ? ನಾನು ಎಷ್ಟು ಸಲ ಹೇಳ್ದೆ."

"ಅದನ್ನ ನಾನು ನೋಡಿದೀನಿ. ನಿನ್ನನ್ನ ನೋಡಿಲ್ಲ."

ಮರುದಿನದಿಂದ ಗೇಟಿನಕ್ಕ ಕೆಲಸಕ್ಕೆ ಹೋಗುವ ಮುನ್ನ ತಾರಸಿಯ ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದೆಳೆ ದಾರವನ್ನು ಮೇಣದಿಂದ ಅಂಟಿಸಿ ಹೋದಳು. ಸಂಜೆ ಬಂದು ನೋಡಿದರೆ ದಾರ ಹರಿದಿರಲಿಲ್ಲ. ಎರಡನೇ ದಿನವೂ ಹರಿದಿರಲಿಲ್ಲ. ಅದರಿಂದ ಅವಳ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ದಾರ ಇರುವುದು ಹುಡುಗಿಗೆ ತಿಳಿದುಹೋಗಿದೆ, ಬಾಗಿಲು ತೆಗೆದು ಮತ್ತೆ ಅಂಟಿಸಿದ್ದಾಳೆ. ಓದಿದ ಹುಡುಗಿ, ಅಷ್ಟು ತಿಳಿಯದೇ?

ಮೂರನೇ ದಿನ ಬಣ್ಣದವನನ್ನು ತಾರಸಿಯಲ್ಲಿ ತಡೆದು ನಿಲ್ಲಿಸಿದಳು. ಅವನು ಬಕೆಟ್ಟಿನಲ್ಲಿ ಬ್ರಷ್ಷು ತೊಳೆಯುತ್ತಿದ್ದ.

"ನಿನ್ನ ಮೊಲ ನಮ್ಮ ಮನೆಗೆ ಬಂದಿತ್ತು."

"ಇಲ್ಲವಲ್ಲ ಅಕ್ಕ."

"ಐದು ಮರಿ ಹಾಕಿದೆ ನಮ್ಮದು."

"ಅಯ್ಯೋ ಪಾಪ." ಅವನಿಗೆ ನಿಜಕ್ಕೂ ಕನಿಕರವಾದಂತಿತ್ತು. "ಡಾಕ್ಟರಿಗೆ ತೋರಿಸ್ಬಿಡಿ ಅಂತ ಆಗ್ಲೇ ಹೇಳಿದ್ದೆ. ನಮ್ಮ ಕಂದುಗೆ ಆಪರೇಷನ್ ಆಗಿ ಎರಡು ವರ್ಷ ಆಯ್ತಕ್ಕ. ಅದು ಏನೂ ಮಾಡಕ್ಕಾಗಲ್ಲ. ಬೇಕಾದ್ರೆ ಎತ್ಕೊಂಡು ಹೋಗಿ, ತೋರಿಸ್ಕೊಂಡು ಬನ್ನಿ." ಎಂದು ಪಂಜರದಿಂದ ಮೊಲವನ್ನು ತೆಗೆದು ಅವಳ ಕೈಗೇ ಕೊಡಲು ಬಂದ.

ಕೇಳುವ ಮುಂಚೆ ಡಬ್ಬಿ ತೆಗೆದು ತೋರಿಸುವವನು. ಗೇಟಿನಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗೆ ಬಂದು ಅಣ್ಣನಿಗೆ ಫೋನ್ ಮಾಡಿದಳು.

ಫೋನಿನಲ್ಲಿ ಅವಳು ಹೇಳಿದ್ದು ಹೆಚ್ಚೇನಲ್ಲ. ಪಕ್ಕದ ಮನೆಯವನು ಒಳ್ಳೆಯವನಲ್ಲ, ಬಾಗಿಲು ಯಾರೋ ತೆಗೆಯುತ್ತಿದ್ದಾರೆ, ಪುಟ್ಟಿ ನಿಜ ಹೇಳುತ್ತಿಲ್ಲ. ಇಷ್ಟೇ. "ಮುಂದಿನ ಭಾನುವಾರ ಬರ್ತೀನಿ. ಬಟ್ಟೆ ಕಟ್ಟಿಟ್ಟಿರೋಕೆ ಹೇಳು" ಎಂದು ಅಣ್ಣ ಗಿರಣಿಯ ಸದ್ದಿನ ನಡುವೆ ಫೋನ್ ಇಟ್ಟ.

ಪುಟ್ಟಿಗೆ ಕೊನೆಯ ಪರೀಕ್ಷೆ ಇನ್ನೊಂದು ವರ್ಷದ ದೂರದಲ್ಲಿತ್ತು. ಅವಳು ಅಳಲಿಲ್ಲ. "ನೀನು ನನ್ನ ಓದು ನಿಲ್ಲಿಸಿದೆ ಅತ್ತೆ. ಒಂದು ಮೊಲಕ್ಕೆ" ಎಂದಳು. ಆಮೇಲೆ ಮಾತು ಬಿಟ್ಟಳು.

ಮರಿಗಳಿಗೆ ಕೂದಲು ಬಂತು. ಎರಡು ಬಿಳಿ, ಎರಡು ಕರಿ, ಒಂದು ಕಂದು. ಆ ಕಂದು ಮರಿಯನ್ನು ಗೇಟಿನಕ್ಕ ಬೆಳಕಿಗೆ ಹಿಡಿದು ನೋಡಿದಳು. ಬೇರೆ ಸಾಕ್ಷಿ ಬೇಕೇ? ಆದರೆ ಸಾಕ್ಷಿಗೆ ಬಲ ಬೇಕು. ನಾಳೆ ಅಣ್ಣನ ಮುಂದೆ ಬಣ್ಣದವನು ಉಲ್ಟಾ ಹೊಡೆದರೆ? ಡಾಕ್ಟರ ಬಾಯಿಂದಲೇ ಬರಲಿ ಎಂದು, ತಾಯಿಯನ್ನೂ ಮರಿಗಳನ್ನೂ ಕರಿಯದನ್ನೂ ಒಂದೇ ಬುಟ್ಟಿಗೆ ತುಂಬಿ, ಅಣ್ಣ ಬರುವ ವಾರದ ಬುಧವಾರ ಪ್ರಾಣಿ ಆಸ್ಪತ್ರೆಗೆ ಹೊರಟಳು. ಮೊಲಗಳು ತನ್ನವು ಎಂಬ ಒಂದೇ ಕಾರಣಕ್ಕೆ ಪುಟ್ಟಿಯೂ ಹಿಂದೆ ಬಂದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಡಾಕ್ಟರು ನಡುವಯಸ್ಸಿನ ಹೆಂಗಸು. ತೋಳಿನ ತುಂಬ ಬೆಕ್ಕು ಪರಚಿದ ಗೀರುಗಳು. ಗೇಟಿನಕ್ಕ ಕಂದು ಮರಿಯನ್ನು ಮೇಜಿನ ಮೇಲಿಟ್ಟಳು.

"ಇದರ ಅಪ್ಪ ಯಾರು ಅಂತ ಹೇಳಿ ಡಾಕ್ಟ್ರೇ. ಪಕ್ಕದ ಮನೇಲಿ ಇದೇ ಬಣ್ಣದ ಗಂಡಿದೆ."

"ಯಾರು, ಬಣ್ಣದ ಕೆಲಸದವರ ಮೊಲವಾ? ಅದಕ್ಕೆ ನಾನೇ ಆಪರೇಷನ್ ಮಾಡಿದ್ದು." ಡಾಕ್ಟರು ಮಾತಾಡುತ್ತಲೇ ಬುಟ್ಟಿಗೆ ಕೈ ಹಾಕಿ ಕರಿಯ ಮೊಲವನ್ನು ಎತ್ತಿದರು. ಅದನ್ನು ಬಿಗಿಹಿಡಿಯಲಿಲ್ಲ. ಮಡಿಲಲ್ಲಿಟ್ಟುಕೊಂಡು, ಕಿವಿಯ ಹಿಂದೆ ಸವರುತ್ತ, ಅದರ ಉಸಿರು ಸಮಕ್ಕೆ ಬರುವ ತನಕ ಕಾದರು. ಆಮೇಲೆ ಮೆಲ್ಲಗೆ ಅಂಗಾತ ಮಾಡಿದರು. "ಅಪ್ಪ ಇಲ್ಲೇ ಇದಾನಲ್ಲ."

"ಅದು ಹೆಣ್ಣು. ನಾನು ಕೈಯಾರೆ ನೋಡಿದೀನಿ."

"ಯಾವಾಗ?"

"ತಂದ ದಿನಾನೇ."

"ಅಷ್ಟು ಚಿಕ್ಕದರಲ್ಲಿ ಬೀಜ ಇನ್ನೂ ಕೆಳಗೇ ಇಳಿದಿರಲ್ಲ ಅಮ್ಮ. ಇಳಿಯೋಕೆ ಎರಡೂವರೆ ಮೂರು ತಿಂಗಳಾಗ್ಬೇಕು. ಇಳಿದ ಮೇಲೂ, ಹೆದರಿದ್ರೆ ಒಳಗೆ ಎಳ್ಕೊಂಡ್ಬಿಡುತ್ತೆ. ನೀವು ಗಟ್ಟಿಯಾಗಿ ಹಿಡಿದಷ್ಟೂ ಸಿಗಲ್ಲ. ಇಲ್ಲಿ ನೋಡಿ."

ಗೇಟಿನಕ್ಕ ನೋಡಿದಳು. ಬಾಗಿ ಇನ್ನೊಮ್ಮೆ ನೋಡಿದಳು. ಡಾಕ್ಟರೂ ಮನುಷ್ಯರೇ, ತಪ್ಪಬಹುದು ಎಂದುಕೊಂಡು ಮೂರನೇ ಸಲ ತಾನೇ ಮುಟ್ಟಿ ನೋಡಿದಳು. ಇತ್ತು. ಅನುಮಾನಕ್ಕೆ ಜಾಗವೇ ಇಲ್ಲದ ಹಾಗೆ ಇತ್ತು.

"ಮತ್ತೆ ಆ ಕಂದು ಬಣ್ಣ?"

"ಬಿಳಿ ಮೊಲ ಅಂದ್ರೆ ಸುಣ್ಣ ಹೊಡೆದ ಗೋಡೆ ಇದ್ದ ಹಾಗೆ. ಅಡಿಯಲ್ಲಿ ಯಾವ ಬಣ್ಣ ಇದೆಯೋ ಮೇಲಿಂದ ಗೊತ್ತಾಗಲ್ಲ. ತಾಯಿ ಕಡೆಯಿಂದ ಬಂದಿದೆ ಅದು." ಡಾಕ್ಟರ ಧ್ವನಿ ಬದಲಾಯಿತು. "ಅದಿರಲಿ. ಮರಿ ಹಾಕಿದ ಮೇಲೂ ಈ ಗಂಡು ಇದರ ಜೊತೇಲೇ ಇತ್ತಾ?"

ಪುಟ್ಟಿ ಮೊದಲ ಬಾರಿಗೆ ಬಾಯಿ ತೆರೆದಳು. "ಒಂದೇ ಪಂಜರದಲ್ಲಿದ್ವು ಡಾಕ್ಟರ್. ಎರಡೂ ಹೆಣ್ಣು ಅಂತ."

"ಹಾಗಾದ್ರೆ ಬಿಳಿ ಇಷ್ಟು ಹೊತ್ತಿಗೆ ಮತ್ತೆ ಗಬ್ಬ ಆಗಿರುತ್ತೆ. ಮರಿ ಹಾಕಿದ ದಿನಾನೇ ಆಗಬಹುದು ಇವಕ್ಕೆ. ಕೂಡೋಕೆ ಎಷ್ಟು ಹೊತ್ತು ಬೇಕು ಅಂತೀರಾ? ನೀವು ಆ ಕಡೆ ತಿರುಗಿ ನೀರಿನ ಬಟ್ಟಲು ತುಂಬಿಸೋ ಅಷ್ಟು. ತಂತಿ ಜಾಲರಿ ಒಂದೇ ಅಡ್ಡ ಇದ್ರೆ ಅದರ ಮೂಲಕವೂ ಆಗಿದ್ದು ನೋಡಿದೀನಿ. ಇವತ್ತೇ ಬೇರೆ ಕೋಣೆಗೆ ಹಾಕಿ."

"ಒಂದೇ ಬುಟ್ಟಿಯವು ಇವು. ಅಣ್ಣ ತಂಗಿ ಇರಬೇಕು" ಎಂದಳು ಗೇಟಿನಕ್ಕ, ಕೊನೆಯ ಆಸರೆ ಎಂಬಂತೆ.

"ಅದೆಲ್ಲ ನಮಗೆ. ಅವಕ್ಕಿಲ್ಲ. ಮೂರು ತಿಂಗಳು ತುಂಬೋದ್ರೊಳಗೆ ಗಂಡು ಹೆಣ್ಣು ಬೇರೆ ಮಾಡ್ಬೇಕು, ಈ ಮರಿಗಳನ್ನೂ ಅಷ್ಟೇ. ಎರಡು ತಿಂಗಳು ತುಂಬಿದಾಗ ಒಂದು ಸಲ ತನ್ನಿ, ಆಮೇಲೆ ಇನ್ನೊಂದು ಸಲ ತನ್ನಿ. ನಾನೂ ಒಂದೇ ಸಲಕ್ಕೆ ನಂಬಲ್ಲ. ಕರಿಗೆ ಶುಕ್ರವಾರ ಆಪರೇಷನ್ ಮಾಡ್ತೀನಿ. ಆಪರೇಷನ್ ಆಯ್ತಲ್ಲ ಅಂತ ಅವತ್ತೇ ಒಟ್ಟಿಗೆ ಬಿಟ್ಟೀರಿ ಮತ್ತೆ. ಒಳಗೆ ಉಳಿದಿರೋದು ಖಾಲಿಯಾಗೋಕೆ ಒಂದೂವರೆ ತಿಂಗಳು ದೂರ ಇರ್ಬೇಕು. ಬಿಳಿಗೆ ಈ ಹಾಲೂಡಿಸೋದೆಲ್ಲ ಮುಗಿದ ಮೇಲೆ ಮಾಡೋಣ."

ಬಸ್ಸಿನಲ್ಲಿ ಗೇಟಿನಕ್ಕ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕರಿಯದು ಪುಟ್ಟಿಯ ಚೀಲದಲ್ಲಿತ್ತು. ಇಳಿಯುವ ಮುಂಚೆ ಅವಳು ಪುಟ್ಟಿಯ ಸೀಟಿನ ಪಕ್ಕ ಬಂದು ನಿಂತಳು.

"ನಿಮ್ಮಪ್ಪನಿಗೆ ಫೋನ್ ಮಾಡಿ ಬರಬೇಡ ಅಂತೀನಿ."

"ಮಾಡು" ಎಂದಳು ಪುಟ್ಟಿ, ಕಿಟಕಿಯ ಕಡೆ ನೋಡುತ್ತ. "ನಂಬ್ತಾನಾ ನೋಡೋಣ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಫೋನಿನಲ್ಲಿ ಅಣ್ಣ ಪೂರ್ತಿ ಕೇಳಲೇ ಇಲ್ಲ. ಭಾನುವಾರ ಮಧ್ಯಾಹ್ನ ಬಂದೇ ಬಿಟ್ಟ. ಹುಬ್ಬಿನ ಕೂದಲಿನಲ್ಲಿ ಹಿಟ್ಟು ಹಾಗೇ ಇತ್ತು. ಕುರ್ಚಿಯಲ್ಲಿ ಕೂರದೆ ಮೊದಲು ತಾರಸಿಯ ಬಾಗಿಲಿನ ಹತ್ತಿರ ಹೋಗಿ ಚಿಲಕವನ್ನು ಎರಡು ಸಲ ಎಳೆದು ನೋಡಿದ.

"ಫೋನಲ್ಲಿ ಮೊದಲು ಹೇಳಿದ್ದು ಒಂದು, ಈಗ ಹೇಳ್ತಿರೋದು ಇನ್ನೊಂದು. ಯಾವುದು ನಿಜ?"

"ಈಗ ಹೇಳ್ತಿರೋದು, ಅಣ್ಣ. ಮೊದಲು ಹೇಳಿದ್ದು ನನ್ನ ತಪ್ಪು. ಬಾಗಿಲು ಯಾರೂ ತೆಗೆದಿಲ್ಲ. ಕರಿ ಗಂಡು. ನಾನು ಹೆಣ್ಣು ಅಂದ್ಕೊಂಡಿದ್ದೆ."

"ನೀನು?" ಅಣ್ಣ ನಕ್ಕ. "ಹದಿನೈದು ವರ್ಷ ಅದೇ ಕೆಲಸ ಮಾಡಿದೋಳು, ಗಂಡು ಹೆಣ್ಣು ಗೊತ್ತಾಗ್ಲಿಲ್ವಾ? ಇದನ್ನ ನಾನು ನಂಬಬೇಕಾ?"

"ನಂಬಬೇಕು."

"ಪುಟ್ಟಿ ನಿನ್ನ ಕಾಲು ಹಿಡಿದಿದಾಳೆ."

"ಅವಳು ನನ್ನ ಹತ್ರ ಮಾತೇ ಆಡ್ತಿಲ್ಲ."

"ನೋಡು ಮತ್ತೆ. ತಪ್ಪಿಲ್ಲದೋಳು ಮಾತು ಯಾಕೆ ಬಿಡ್ತಾಳೆ?"

ಗೇಟಿನಕ್ಕ ಒಳಗೆ ಹೋಗಿ ಕರಿಯ ಮೊಲವನ್ನು ತಂದಳು. ಶುಕ್ರವಾರದ ಆಪರೇಷನ್ ಆಗಿ ಅದು ಇನ್ನೂ ಮಂಕಾಗಿತ್ತು. ಅಂಗಾತ ಮಾಡಿ ತೋರಿಸಿದಳು. ಅಣ್ಣ ಕನ್ನಡಕ ಹಾಕಿಕೊಂಡು ಬಾಗಿದ.

"ಎಲ್ಲಿದೆ? ಏನೂ ಇಲ್ಲವಲ್ಲ."

"ಮೊನ್ನೆ ತೆಗೆಸಿದ್ದು. ಹೊಲಿಗೆ ನೋಡು."

"ಹೊಲಿಗೆ ಹೆಣ್ಣಿಗೂ ಹಾಕ್ತಾರೆ." ಅವನು ಕನ್ನಡಕ ತೆಗೆದ. "ಅಂಗಡಿಯವನು ಹೆಣ್ಣು ಅಂದ. ನೀನು ಹೆಣ್ಣು ಅಂದೆ. ಈಗ ನಾನು ಬರ್ತೀನಿ ಅಂದ ಮೇಲೆ ಎರಡು ಹೊಲಿಗೆ ಬಿದ್ದು ಗಂಡಾಯ್ತಾ? ಅಷ್ಟು ಅವಸರ ಏನಿತ್ತು, ನಾನು ಬರೋ ತನಕ ಕಾಯೋಕಾಗ್ತಿರ್ಲಿಲ್ವಾ?"

ಅವಸರ ಏನಿತ್ತು ಎಂಬುದಕ್ಕೆ ಡಾಕ್ಟರು ಹೇಳಿದ್ದೆಲ್ಲವನ್ನೂ ಅವಳು ಹೇಳಿದಳು. ಒಂದೊಂದು ಮಾತಿಗೂ ಅಣ್ಣನ ಹತ್ತಿರ ಒಂದೊಂದು ಮರುಪ್ರಶ್ನೆ ಇತ್ತು. ಹೆಚ್ಚು ಹೇಳಿದರೆ ಕಲಿತು ಬಂದ ಹಾಗಿದೆ ಎಂದ. ತಡೆದು ಹೇಳಿದರೆ ಮುಚ್ಚಿಡುತ್ತಿದ್ದೀಯ ಎಂದ. ಇಂಥ ಪ್ರಶ್ನೆಗಳನ್ನು ಅವಳು ಸಾವಿರ ಸಲ ಕೇಳಿದ್ದಳು. ಮೇಜಿನ ಈಚೆ ಬದಿ ನಿಂತು ಉತ್ತರ ಕೊಡುವುದು ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ತಪ್ಪು ಮಾಡಿದವಳಂತೆ ತನ್ನ ಧ್ವನಿ ನಡುಗುತ್ತಿರುವುದು ಅವಳ ಕಿವಿಗೇ ಕೇಳಿಸಿತು.

"ಪುಟ್ಟಿ, ಬಟ್ಟೆ ಕಟ್ಟಿದ್ಯಾ?" ಎಂದ ಅಣ್ಣ.

ಪುಟ್ಟಿ ಕೋಣೆಯಿಂದ ಹೊರಗೆ ಬಂದಳು. ಬಟ್ಟೆ ಕಟ್ಟಿ ಆಗಿತ್ತು. "ಹೋಗೋಣ ಅಪ್ಪ. ಇಲ್ಲಿದ್ರೂ ಇದೇ, ಅಲ್ಲಿಗೆ ಬಂದ್ರೂ ಇದೇ."

ಗೇಟಿನಕ್ಕ ಮೊಲವನ್ನು ಒಳಗೆ ಬಿಟ್ಟು ಬಂದಳು. ಕೈ ತೊಳೆದು, ಒರೆಸಿಕೊಂಡು, ಮೊಳೆಯಲ್ಲಿ ನೇತುಹಾಕಿದ್ದ ತನ್ನ ಖಾಕಿ ಕೋಟನ್ನು ತೆಗೆದಳು.

"ನೀನೆಲ್ಲಿಗೆ?"

"ನಿನ್ನ ಜೊತೆಗೇ. ಊರಿಗೆ."

"ಯಾಕೆ?"

"ಅವಳ ಓದು ಯಾಕೆ ಬಿಡಿಸಿದೆ ಅಂತ ಜನ ಕೇಳ್ತಾರಲ್ಲ. ನೀನು ಏನೋ ಒಂದು ಹೇಳ್ತೀಯ, ಅವರು ಇನ್ನೊಂದು ತಿಳ್ಕೋತಾರೆ. ನಿನ್ನ ಗಿರಣಿ ಮುಂದೆ ನಾನೇ ಕೂತ್ಕೋತೀನಿ. ಹಿಟ್ಟಿಗೆ ಬಂದ ಒಬ್ಬೊಬ್ಬರಿಗೂ ಹೇಳ್ತೀನಿ. ಗಂಡು ಮೊಲನ ನಾನು ಹೆಣ್ಣು ಅಂದೆ, ಅದು ತಂಗೀನ ಗಬ್ಬ ಮಾಡ್ತು, ಅದಕ್ಕೆ ನಮ್ಮಣ್ಣ ಮಗಳ ಓದು ಬಿಡಿಸಿದ ಅಂತ."

"ಜನ ನಗ್ತಾರೆ."

"ನಗಲಿ. ಮೊದಲು ನನ್ನ ನೋಡಿ ನಗ್ತಾರೆ. ಆಮೇಲೆ ನಿನ್ನ."

ಅಣ್ಣ ಅವಳ ಮುಖವನ್ನೇ ನೋಡಿದ. ಅವಳು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತಳು. ಜನರನ್ನು ತಡೆದು ನಿಲ್ಲಿಸುವುದರಲ್ಲಿ ಅವಳಿಗೆ ಅಭ್ಯಾಸವಿತ್ತು. ನಂಬಿಸಲು ಆಗದವನನ್ನು ನಿಲ್ಲಿಸಲಂತೂ ಆಗುತ್ತದೆ ಎಂದು ಅವಳ ನಿಲುವೇ ಹೇಳುತ್ತಿತ್ತು.

"ನಿನಗೆ ತಲೆ ಕೆಟ್ಟಿದೆ" ಎಂದ ಅಣ್ಣ.

"ಇರಬಹುದು. ಅದನ್ನೂ ಹೇಳ್ತೀನಿ."

ಅವನು ಕುರ್ಚಿ ಎಳೆದುಕೊಂಡು ಕೂತ. ಗಿರಣಿಯಲ್ಲಿ ದಿನಾ ನಾಲ್ಕು ಊರಿನ ಮಾತು ಬೀಸಿಬರುವುದನ್ನು ಅವನು ಬಲ್ಲ. ಆ ಮಾತಿನ ನಡುವೆ ತನ್ನ ಹೆಸರು ಮೊಲದ ಜೊತೆ ಸೇರಿ ಬರುವುದನ್ನು ಊಹಿಸಿಕೊಂಡನೇನೋ. ಎದ್ದಾಗ ಅವನ ಸಿಟ್ಟು ಹೋಗಿರಲಿಲ್ಲ. "ಪರೀಕ್ಷೆ ಮುಗಿಯೋ ತನಕ. ಅಷ್ಟೇ. ನಿನ್ನ ಮಾತು ನಂಬಿ ಅಲ್ಲ" ಎಂದು ಚಪ್ಪಲಿ ಮೆಟ್ಟಿದ. ಚಹಾ ಕುಡಿಯದೆ ಹೋದ. ಆಮೇಲೆ ಎಷ್ಟೋ ತಿಂಗಳು ತಂಗಿಗೆ ಫೋನ್ ಮಾಡಲಿಲ್ಲ.

ಪುಟ್ಟಿ ಕಟ್ಟಿದ ಬಟ್ಟೆಯನ್ನು ಬಿಚ್ಚಲಿಲ್ಲ. ಮರುದಿನ ಕಾಲೇಜಿನ ಪಕ್ಕದ ಹಾಸ್ಟೆಲಿನಲ್ಲಿ ವಿಚಾರಿಸಿ ಬಂದಳು. ತಂಗಿಯ ಕಾವಲಿನ ಮೇಲೆ ನಂಬಿಕೆ ಕಳೆದುಕೊಂಡಿದ್ದ ಅಣ್ಣ ಅದಕ್ಕೆ ಅಡ್ಡ ಬರಲಿಲ್ಲ.

"ಓದು ಉಳಿಸಿದೆ, ಅದಕ್ಕೆ ಋಣಿ ಅತ್ತೆ. ಆದರೆ ನಿನ್ನ ಜೊತೆ ಇರೋಕಾಗಲ್ಲ ನನಗೆ."

ಗೇಟಿನಕ್ಕ ಬೇಡವೆನ್ನಲಿಲ್ಲ. ಹಾಸ್ಟೆಲಿನ ಅವಳ ಕೋಣೆಯ ಕಿಟಕಿ ಯಾವ ಕಡೆಗಿದೆ ಎಂಬುದನ್ನು ಮಾತ್ರ ಕೇಳಿದಳು. ಕೇಳಿ, ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋದಳು.

ಮೊಲಗಳು ಅವಳ ಪಾಲಿಗೆ ಉಳಿದವು. ಬಿಳಿ ಒಳಕೋಣೆಯಲ್ಲಿ, ಕರಿ ಹೊರಕೋಣೆಯಲ್ಲಿ, ನಡುವೆ ಮುಚ್ಚಿದ ಬಾಗಿಲು. ಡಾಕ್ಟರು ಹೇಳಿದ ಹಾಗೆಯೇ ಬಿಳಿ ಇನ್ನೊಮ್ಮೆ ಮರಿ ಹಾಕಿತು, ಈ ಸಲ ನಾಲ್ಕು. ಅಷ್ಟು ಮರಿಗಳನ್ನು ಸಾಕುವುದು ಎರಡು ಕೋಣೆಯಲ್ಲಿ ಆಗದ ಮಾತು. ಎರಡನೇ ಸಲವೂ ಡಾಕ್ಟರಿಗೆ ತೋರಿಸಿ ಇದು ಗಂಡು, ಇದು ಹೆಣ್ಣು ಎಂದು ಖಚಿತವಾದ ಮರಿಗಳ ವಿಷಯವನ್ನು ಅವಳು ಸಂಜೆಯ ಸಾಲಿನಲ್ಲಿ ಎತ್ತಿದಳು. ಎತ್ತಿದ ಮೇಲೆ ಉಳಿದ ಕಥೆಯನ್ನೂ ಹೇಳಲೇಬೇಕಾಯಿತು. ಹೆಂಗಸರು ಕೇಳಿಸಿಕೊಂಡರು. ಯಾರೂ ಅವಳ ಎದುರಿಗೆ ನಗಲಿಲ್ಲ. ಮಾರನೇ ಸಂಜೆ ಕಾಲರ್ ಹೊಲಿಯುವವಳು ತೋಳು ಚಾಚಿ ನಿಂತು ಹೇಳಿದಳು:

"ಅಕ್ಕ, ಸರಿಯಾಗಿ ನೋಡಿ ಹೇಳಿ. ನಾನು ಹೆಣ್ಣೋ ಗಂಡೋ? ನಮ್ಮ ಮನೆಯೋರಿಗೂ ಅನುಮಾನ ಇದೆ."

ಸಾಲಿಗೆ ಸಾಲೇ ನಕ್ಕಿತು. ಗೇಟಿನಕ್ಕ ಅವಳ ಬೆನ್ನಿಗೆ ತಟ್ಟಿ, ಮುಂದೆ ನಡಿ ಎಂದಳು. ಅವಳ ತುಟಿಯ ಒಂದು ಕೊನೆ ಅಲುಗಿತು ಎಂದು ಕೆಲವರು ಹೇಳುತ್ತಾರೆ.

ಒಂದು ಮನೆಗೆ ಒಂದೇ ಮರಿ, ಅದೂ ಮನೆಯಲ್ಲಿ ಬೇರೆ ಮೊಲ ಇಲ್ಲದಿದ್ದರೆ, ಎಂದು ಅವಳು ನಿಯಮ ಮಾಡಿದಳು. ಒಂಟಿಯಾದರೆ ಬೇಸರವಾಗುತ್ತೆ, ಜೋಡಿ ಕೊಡಿ ಎಂದವರಿಗೆ, ಮೊದಲು ಆಪರೇಷನ್ ಮಾಡಿಸಿ, ಒಂದೂವರೆ ತಿಂಗಳು ಬೇರೆ ಇಡಿ, ಆಮೇಲೆ ಬನ್ನಿ ಎಂದಳು. ಕೊಟ್ಟ ಮೇಲೆ ನಂಬಿ ಸುಮ್ಮನೆ ಕೂರಲಿಲ್ಲ. ರಜೆಯ ದಿನ ಹೇಳದೆ ಕೇಳದೆ ಅವರ ಮನೆಗಳಿಗೆ ಹೋಗಿ, ಮಂಚದ ಕೆಳಗೆ ಬಗ್ಗಿ, ಎರಡನೇ ಮೊಲ ಬಂದಿದೆಯೇ ಎಂದು ನೋಡಿ ಬಂದಳು. ಹೀಗೆ ಹೋದಾಗ ಕೆಲವರು ಅವಳನ್ನು ಊಟಕ್ಕೆ ಕೂರಿಸಿದರು. ಯಾಕೆ ಕೂರಿಸಿದರು ಎಂದು ಅವಳು ದಾರಿಯುದ್ದಕ್ಕೂ ಯೋಚಿಸುತ್ತ ಮನೆಗೆ ಬಂದಳು.

ಭಾನುವಾರಗಳಂದು ಪುಟ್ಟಿ ಬರುತ್ತಾಳೆ. ಬಿಳಿಗೂ ಈಗ ಆಪರೇಷನ್ ಆಗಿದೆ, ಅದು ಕರಿಯ ಪಕ್ಕ ಕಾಲು ಚಾಚಿ ಮಲಗುತ್ತದೆ. ಪುಟ್ಟಿ ಅವುಗಳ ಉಗುರು ಕತ್ತರಿಸುತ್ತಾಳೆ, ಹುಲ್ಲು ಬದಲಿಸುತ್ತಾಳೆ, ಅತ್ತೆ ಕೊಟ್ಟ ಚಹಾ ಕುಡಿಯುತ್ತಾಳೆ. ಕತ್ತಲಾಗುವ ಮುಂಚೆ ಹೊರಡುವಾಗ, ಮೊಲ ನೋಡೋಕೆ ಬರ್ತೀನಿ, ಅಷ್ಟೇ ಅತ್ತೆ, ಬೇರೇನಿಲ್ಲ, ಎಂದು ಪ್ರತಿ ಸಲವೂ ಹೇಳುತ್ತಾಳೆ.

ಗೇಟಿನಕ್ಕ ಅದನ್ನು ಇನ್ನೂ ನಂಬಿಲ್ಲ.